ಬೇರೆಯವರ ಪುಸ್ತಕದಿಂದ ಎಷ್ಟು ಸಾಲು ಬಳಸಬಹುದು?

ಪ್ರಶ್ನೆ: ಅಮೆರಿಕದಲ್ಲಿ ಅಚ್ಚಾದ ಪುಸ್ತಕವೊಂದರ ಕೆಲವು ಸಾಲುಗಳನ್ನು ಅನುಮತಿ ಕೇಳದೆ ನನ್ನ ವಿಮರ್ಶೆಯಲ್ಲಿ ಬಳಸಬಹುದೇ? ಯಾವ ದೇಶದ ಕಾನೂನು ಲೆಕ್ಕಕ್ಕೆ ಬರುತ್ತದೆ?

ಉತ್ತರ: ಬಳಸಬಹುದು. ಕಾರು ಎಲ್ಲೇ ತಯಾರಾಗಿರಲಿ, ಓಡುವ ರಸ್ತೆಯ ನಿಯಮವನ್ನೇ ಪಾಲಿಸಬೇಕಲ್ಲವೇ? ಕೃತಿಸ್ವಾಮ್ಯವೂ ಹಾಗೆಯೇ. ಪುಸ್ತಕ ಯಾವ ದೇಶದ್ದಾದರೂ, ಅದನ್ನು ಬಳಸುವ ದೇಶದ ಕಾನೂನು ಅನ್ವಯಿಸುತ್ತದೆ. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳು ತಮ್ಮ ಲೇಖಕರಿಗೆ ಕೊಡುವ ರಕ್ಷಣೆಯನ್ನು ಹೊರಗಿನವರಿಗೂ ಕೊಡುತ್ತವೆ. ಪ್ರಕಟವಾದ ಕೃತಿಯಿಂದ ಉದ್ದೇಶಕ್ಕೆ ತಕ್ಕಷ್ಟು ಉದ್ಧರಿಸಲು ಈ ಒಪ್ಪಂದದ 10ನೇ ವಿಧಿಯೇ ಅವಕಾಶ ನೀಡುತ್ತದೆ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಅನುಮತಿ ಬೇಡದ ನ್ಯಾಯಯುತ ಬಳಕೆಯ ಉದ್ದೇಶಗಳನ್ನು ಪಟ್ಟಿ ಮಾಡಿದೆ: ಸಂಶೋಧನೆಯೂ ಸೇರಿದಂತೆ ಖಾಸಗಿ ಬಳಕೆ, ವಿಮರ್ಶೆ, ಪ್ರಚಲಿತ ವಿದ್ಯಮಾನಗಳ ವರದಿ. ಅಮೆರಿಕದಲ್ಲಿ ಹೀಗೆ ಇಷ್ಟೇ ಎಂದು ಗೆರೆ ಎಳೆದ ಪಟ್ಟಿಯಿಲ್ಲ. ಬಳಕೆಯ ಉದ್ದೇಶ, ಕೃತಿಯ ಸ್ವರೂಪ, ತೆಗೆದುಕೊಂಡ ಪ್ರಮಾಣ, ಮೂಲ ಕೃತಿಯ ಮಾರುಕಟ್ಟೆಗೆ ಬೀಳುವ ಪೆಟ್ಟು, ಈ ನಾಲ್ಕನ್ನೂ ನ್ಯಾಯಾಲಯ ಪ್ರತಿ ಪ್ರಕರಣದಲ್ಲೂ ತೂಗಿ ನೋಡುತ್ತದೆ.

ಇಷ್ಟೇ ಸಾಲು, ಇಷ್ಟೇ ಪದ ಎಂಬ ಮಿತಿ ಎರಡೂ ದೇಶಗಳ ಕಾಯ್ದೆಯಲ್ಲಿಲ್ಲ. ನಾಲ್ಕು ಸಾಲಿನ ಕವಿತೆಯನ್ನು ಪೂರ್ತಿ ಎತ್ತಿಕೊಂಡರೆ ತಪ್ಪಾಗಬಹುದು, ದಪ್ಪ ಕಾದಂಬರಿಯ ಒಂದು ಪ್ಯಾರಾ ಸರಿಯಾಗಬಹುದು. ನಿಮ್ಮ ವಾದಕ್ಕೆ ಬೇಕಾದಷ್ಟನ್ನೇ ಬಳಸಿ, ಕೃತಿ ಮತ್ತು ಲೇಖಕರ ಹೆಸರನ್ನು ತಪ್ಪದೆ ನಮೂದಿಸಿ.