ವಾರ್ತಾಛಾಯಾಗ್ರಾಹಕ ಮೊಹಮದ್ ಅಮೀನ್

ಕಂಡದ್ದನ್ನು ಕಂಡಂತೆ ಹೇಳುವುದು ಸುಲಭವೆಂದು ತೋರಬಹುದು. ಆದರೆ ಯುದ್ಧ, ಕ್ಷಾಮ, ಕ್ರಾಂತಿಗಳ ನಡುವೆ ನಿಂತು, ಅಲ್ಲಿ ಕಂಡದ್ದನ್ನು ಚಿತ್ರಿಸಿ, ಸಹಸ್ರಾರು ಮೈಲಿಗಳಾಚೆ ಮನೆಯಲ್ಲಿ ಕುಳಿತವರ ಕಣ್ಣಿಗೆ ಮುಟ್ಟಿಸುವುದು ಬಹು ಕಷ್ಟದ ಕಾರ್ಯ. ದೂರದರ್ಶನದ ಬಾತ್ಮೀದಾರರ ಕೆಲಸ ಇದೇ. ಈ ಕೆಲಸಕ್ಕಾಗಿಯೇ ತಮ್ಮ ಬಾಳನ್ನು ಮುಡಿಪಾಗಿಟ್ಟವರಲ್ಲಿ ಆಫ್ರಿಕದ ಮೊಹಮದ್ ಅಮೀನ್ ಒಬ್ಬರು.

ಅಮೀನರು 1943ರಲ್ಲಿ ಕೀನ್ಯ ದೇಶದ ನೈರೋಬಿಯಲ್ಲಿ ಜನಿಸಿದರು. ಅವರ ತಂದೆ ಪಂಜಾಬಿನಿಂದ ಹೋಗಿ ಅಲ್ಲಿಯ ರೈಲ್ವೆಯಲ್ಲಿ ದುಡಿಯುತ್ತಿದ್ದವರು. ಮುಂದೆ ಕುಟುಂಬವು ದಾರೆಸ್ಸಲಾಮ್ ನಗರದಲ್ಲಿ ನೆಲೆಸಿತು. ಬಾಲ್ಯದಲ್ಲಿ ಕೈಗೆ ಬಂದ ಒಂದು ಸಾಧಾರಣ ಬಾಕ್ಸ್ ಕ್ಯಾಮರಾ ಅಮೀನರ ಜೀವನದ ದಾರಿಯನ್ನೇ ನಿರ್ಧರಿಸಿತು. 1963ರಲ್ಲಿ, ಇಪ್ಪತ್ತು ವರ್ಷ ವಯಸ್ಸಿನಲ್ಲಿ, ಅವರು ‘ಕ್ಯಾಮರಾಪಿಕ್ಸ್’ ಎಂಬ ಸ್ವಂತ ಸಂಸ್ಥೆಯನ್ನು ಆರಂಭಿಸಿದರು. ಮರುವರ್ಷ ಜಂಜಿಬಾರ್ ದ್ವೀಪದಲ್ಲಿ ಕ್ರಾಂತಿಯಾದಾಗ ಅದನ್ನು ಚಿತ್ರಿಸಿದರು. 1966ರಲ್ಲಿ ಅದೇ ದ್ವೀಪದ ಸೆರೆಮನೆಯಲ್ಲಿ ಹಲವು ದಿನಗಳ ಕಾಲ ಹಿಂಸೆಯನ್ನು ಅನುಭವಿಸಬೇಕಾಯಿತು. ಆದರೂ ಅವರು ಹಿಡಿದ ಕೆಲಸವನ್ನು ಬಿಡಲಿಲ್ಲ. 1969ರಲ್ಲಿ ಕೀನ್ಯದ ಸಚಿವ ಟಾಮ್ ಎಂಬೋಯಾ ನೈರೋಬಿಯಲ್ಲಿ ಗುಂಡೇಟಿಗೆ ಬಲಿಯಾದಾಗ, ಸ್ಥಳಕ್ಕೆ ಧಾವಿಸಿ ಆ ದಾರುಣ ಘಟನೆಯನ್ನು ಲೋಕಕ್ಕೆ ತೋರಿಸಿದವರೂ ಅವರೇ.

ದೂರದರ್ಶನದ ವಾರ್ತೆ ಒಬ್ಬರಿಂದಲೇ ಆಗುವಂಥದಲ್ಲ. ಛಾಯಾಗ್ರಾಹಕನು ದೃಶ್ಯವನ್ನು ಸೆರೆಹಿಡಿಯುತ್ತಾನೆ. ಧ್ವನಿಗ್ರಾಹಕನು ಅಲ್ಲಿಯ ಸದ್ದನ್ನು ಮುದ್ರಿಸಿಕೊಳ್ಳುತ್ತಾನೆ. ವರದಿಗಾರನು ಆ ದೃಶ್ಯಕ್ಕೆ ಹೊಂದುವ ಮಾತುಗಳನ್ನು ಬರೆದು ನುಡಿಯುತ್ತಾನೆ. ಎಲ್ಲ ದೇಶಗಳಿಗೂ ಬಾತ್ಮೀದಾರರನ್ನು ಕಳುಹಿಸುವ ಶಕ್ತಿ ಪ್ರತಿಯೊಂದು ದೂರದರ್ಶನ ಕೇಂದ್ರಕ್ಕೂ ಇರುವುದಿಲ್ಲ. ಆದುದರಿಂದ ಚಿತ್ರಗಳನ್ನು ಅನೇಕ ಕೇಂದ್ರಗಳಿಗೆ ಒದಗಿಸುವ ವಾರ್ತಾಸಂಸ್ಥೆಗಳು ಹುಟ್ಟಿಕೊಂಡವು. ಲಂಡನ್ನಿನ ‘ವಿಸ್‌ನ್ಯೂಸ್’ ಅಂಥ ಒಂದು ಸಂಸ್ಥೆಯಾಗಿದ್ದಿತು. ಅಮೀನರು ಆಫ್ರಿಕದಲ್ಲಿ ಅದರ ಪರವಾಗಿ ಕೆಲಸ ಮಾಡುತ್ತಿದ್ದರು. ಹೀಗಾಗಿ ಅವರು ತೆಗೆದ ಒಂದು ಚಿತ್ರ ಏಕಕಾಲದಲ್ಲಿ ಹತ್ತಾರು ದೇಶಗಳನ್ನು ತಲಪಬಲ್ಲುದಾಗಿದ್ದಿತು.

ಈ ಶಕ್ತಿ ಎಷ್ಟು ದೊಡ್ಡದೆಂಬುದು 1984ರಲ್ಲಿ ತಿಳಿದುಬಂದಿತು. ಆ ವರ್ಷ ಇಥಿಯೋಪಿಯ ದೇಶದ ಉತ್ತರ ಭಾಗದಲ್ಲಿ ಭೀಕರ ಕ್ಷಾಮ ತಲೆದೋರಿದ್ದಿತು. ಮಳೆ ಕೈಕೊಟ್ಟಿದ್ದುದು ಒಂದು ಕಾರಣವಾದರೆ, ಸರ್ಕಾರಕ್ಕೂ ಬಂಡಾಯಗಾರರಿಗೂ ನಡೆಯುತ್ತಿದ್ದ ಯುದ್ಧ ಮತ್ತೊಂದು ಕಾರಣ. ಪರಿಹಾರ ಕಾರ್ಯಕರ್ತರು ಎಷ್ಟೋ ತಿಂಗಳುಗಳಿಂದ ಎಚ್ಚರಿಕೆ ನೀಡುತ್ತಿದ್ದರೂ ಲೋಕವು ಕಿವಿಗೊಟ್ಟಿರಲಿಲ್ಲ. ಸೆಪ್ಟೆಂಬರಿನಲ್ಲಿ ಅಲ್ಲಿಯ ಸರ್ಕಾರ ತನ್ನ ಕ್ರಾಂತಿಯ ಹತ್ತನೆಯ ವರ್ಷವನ್ನು ವೈಭವದಿಂದ ಆಚರಿಸಿಕೊಂಡಿತು. ಕ್ಷಾಮಪೀಡಿತ ಪ್ರದೇಶಗಳಿಗೆ ಪತ್ರಕರ್ತರು ಹೋಗುವುದು ದುಸ್ತರವಾಗಿದ್ದಿತು.

ಅಕ್ಟೋಬರಿನಲ್ಲಿ ಬಿ.ಬಿ.ಸಿ.ಯ ವರದಿಗಾರ ಮೈಕೆಲ್ ಬರ್ಕ್ ಅವರೊಡನೆ ಅಮೀನರು ಕೋರೆಮ್ ಮತ್ತು ಮೆಕೆಲೆ ಎಂಬ ಊರುಗಳನ್ನು ತಲಪಿದರು. ಅಲ್ಲಿ ಅನ್ನವನ್ನರಸಿ ಬಂದ ಹತ್ತಾರು ಸಹಸ್ರ ಜನರು ಬಯಲಿನಲ್ಲಿ ಚಳಿಗೆ ನಡುಗುತ್ತ ಮಲಗಿದ್ದರು. ಬೆಳಗಾಗುವ ಹೊತ್ತಿಗೆ ಸತ್ತವರನ್ನು ಬಟ್ಟೆಯಲ್ಲಿ ಸುತ್ತಿ ಸಾಲಾಗಿ ಇರಿಸುತ್ತಿದ್ದರು. ಅಮೀನರ ಕ್ಯಾಮರಾ ಆ ಮುಖಗಳ ಮುಂದೆ ಅವಸರಪಡದೆ ನಿಂತಿತು. ಬರ್ಕ್ ಅವರ ಮಾತುಗಳೂ ಅಷ್ಟೇ ಸಂಯಮದಿಂದ ಕೂಡಿದ್ದವು.

ಅಕ್ಟೋಬರ್ 23ರಂದು ಈ ವರದಿ ಬ್ರಿಟನ್ನಿನಲ್ಲಿ ಪ್ರಸಾರವಾಯಿತು. ಬಳಿಕ ಜಗತ್ತಿನ ನೂರಾರು ಕೇಂದ್ರಗಳು ಅದನ್ನು ತೋರಿಸಿದವು. ನೋಡಿದವರ ಹೃದಯ ಕರಗಿತು. ಧನಸಹಾಯದ ಹೊಳೆಯೇ ಹರಿಯಿತು. ವಿಮಾನಗಳು ಧಾನ್ಯವನ್ನು ಹೊತ್ತು ಹೊರಟವು. ವರದಿಯನ್ನು ಕಂಡ ಗಾಯಕ ಬಾಬ್ ಗೆಲ್ಡಾಫ್ ತಮ್ಮ ಜೊತೆಯ ಕಲಾವಿದರನ್ನು ಒಗ್ಗೂಡಿಸಿದರು. 1985ರ ಜುಲೈ 13ರಂದು ಲಂಡನ್ ಮತ್ತು ಫಿಲಡೆಲ್ಫಿಯ ನಗರಗಳಲ್ಲಿ ಸಹಾಯಾರ್ಥವಾಗಿ ಬೃಹತ್ ಸಂಗೀತ ಕಾರ್ಯಕ್ರಮ ನಡೆಯಿತು. ಆ ಕ್ಷಾಮದಲ್ಲಿ ಲಕ್ಷಾಂತರ ಜನರು ಮಡಿದರೆಂಬುದು ನಿಜ. ಸಹಾಯ ಬಂದದ್ದು ತಡವಾಗಿ. ಆದರೂ ಅದರಿಂದ ಬದುಕಿ ಉಳಿದವರು ಅಸಂಖ್ಯಾತ.

ಇಂಥ ಕೆಲಸಕ್ಕೆ ಅಮೀನರು ತೆತ್ತ ಬೆಲೆ ಅಲ್ಪವಲ್ಲ. 1991ರ ಜೂನ್ ತಿಂಗಳಲ್ಲಿ ಇಥಿಯೋಪಿಯದ ರಾಜಧಾನಿ ಆಡಿಸ್ ಅಬಾಬದಲ್ಲಿ ಮದ್ದುಗುಂಡುಗಳ ಉಗ್ರಾಣ ಸಿಡಿದಾಗ ಅವರು ತಮ್ಮ ಎಡಗೈಯನ್ನು ಕಳೆದುಕೊಂಡರು. ಜೊತೆಗಿದ್ದ ಧ್ವನಿಗ್ರಾಹಕ ಜಾನ್ ಮಥಾಯಿ ಅಸುನೀಗಿದರು. ಕೈಹೋದ ಛಾಯಾಗ್ರಾಹಕನು ಇನ್ನು ಕ್ಯಾಮರಾ ಹಿಡಿಯಲಾರನೆಂದು ಯಾರಾದರೂ ಭಾವಿಸಬಹುದಾಗಿತ್ತು. ಅಮೀನರಾದರೋ ಕೃತಕ ಕೈಯನ್ನು ಜೋಡಿಸಿಕೊಂಡು ಮತ್ತೆ ಕೆಲಸಕ್ಕೆ ಹಿಂದಿರುಗಿದರು.

1996ರ ನವೆಂಬರ್ 23ರಂದು ಅವರು ಆಡಿಸ್ ಅಬಾಬದಿಂದ ನೈರೋಬಿಗೆ ಹೊರಟಿದ್ದ ವಿಮಾನವನ್ನು ಮೂವರು ಅಪಹರಿಸಿದರು. ಇಂಧನ ಮುಗಿದು ವಿಮಾನವು ಕೊಮೊರೊ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದಿತು. ಅದರಲ್ಲಿದ್ದ 175 ಜನರ ಪೈಕಿ 125 ಜನರು ಮೃತಪಟ್ಟರು. ಅವರಲ್ಲಿ ಅಮೀನರೂ ಒಬ್ಬರು.

ದೂರದರ್ಶನದ ವಾರ್ತೆಯಲ್ಲಿ ನಾವು ಕಾಣುವುದು ವರದಿಗಾರನ ಮುಖವನ್ನು. ಕ್ಯಾಮರಾದ ಹಿಂದೆ ನಿಂತವನು ಕಾಣಿಸುವುದಿಲ್ಲ. ಕೋರೆಮಿನ ಬಯಲಿನಲ್ಲಿ ಹಸಿದು ಮಲಗಿದ್ದವರೂ ಲೋಕಕ್ಕೆ ಕಾಣದವರಾಗಿಯೇ ಇದ್ದರು. ಅವರನ್ನು ಕಾಣುವಂತೆ ಮಾಡಿದುದೇ ಅಮೀನರ ಬಾಳಿನ ಹಿರಿಯ ಸಾಧನೆ.