ದಾರಿ ತೋರುವವರಿಗೂ ಪಾಠ

ಇಂಗ್ಲೆಂಡಿನಲ್ಲಿ ಮಾರ್ಚ್ 31ಕ್ಕೆ ಮೂರು ವರ್ಷ ತುಂಬುವ ಮಗುವಿಗೆ ಮಾರನೆಯ ದಿನದಿಂದಲೇ ವಾರಕ್ಕೆ 15 ಗಂಟೆ ಸರ್ಕಾರಿ ಖರ್ಚಿನ ನರ್ಸರಿಯ ಹಕ್ಕು ಬರುತ್ತದೆ. ಏಪ್ರಿಲ್ 1ಕ್ಕೆ ಮೂರು ತುಂಬುವ ಮಗು ಸೆಪ್ಟೆಂಬರ್ 1ರವರೆಗೆ ಕಾಯಬೇಕು. ಹುಟ್ಟಿದ ದಿನ ಒಂದು ಆಚೀಚೆಯಾದರೆ ಐದು ತಿಂಗಳ ಶುಲ್ಕ ತಂದೆತಾಯಿಯ ತಲೆಗೆ ಬೀಳುತ್ತದೆ. ಅಲ್ಲಿನ ನರ್ಸರಿ ಶುಲ್ಕ ಸಣ್ಣ ಬಾಬತ್ತಲ್ಲ. ಕೋರಂ ಫ್ಯಾಮಿಲಿ ಅಂಡ್ ಚೈಲ್ಡ್‌ಕೇರ್ ಎಂಬ ಸೇವಾಸಂಸ್ಥೆ ಪ್ರತಿವರ್ಷ ಶುಲ್ಕಗಳ ಸಮೀಕ್ಷೆ ನಡೆಸುತ್ತದೆ. ಅದರ 2023ರ ಲೆಕ್ಕದಂತೆ ಎರಡು ವರ್ಷದೊಳಗಿನ ಮಗುವನ್ನು ಪೂರ್ಣಾವಧಿ ನರ್ಸರಿಗೆ ಬಿಡಲು ಬ್ರಿಟನ್ನಿನಲ್ಲಿ ವಾರಕ್ಕೆ ಸರಾಸರಿ 285 ಪೌಂಡ್ ಬೇಕಿತ್ತು. ವರ್ಷಕ್ಕೆ ಅದು 15 ಸಾವಿರ ಪೌಂಡಿನ ಹತ್ತಿರ ಹೋಗುತ್ತದೆ. ಸರ್ಕಾರಿ ಗೆರೆಗಳನ್ನು ಎಲ್ಲೋ ಒಂದು ಕಡೆ ಎಳೆಯಲೇಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಗೆರೆ ಎಲ್ಲಿದೆ, ಅದನ್ನು ದಾಟಲು ಯಾವ ಅರ್ಜಿಯನ್ನು ಯಾವ ತಾರೀಖಿನೊಳಗೆ ಹಾಕಬೇಕು ಎಂಬುದನ್ನು ಕೈಗೂಸು ಎತ್ತಿಕೊಂಡ ತಾಯಿಗೆ ಯಾರಾದರೂ ಹೇಳಬೇಕಲ್ಲ. ಹೀಗೆ ಹೇಳುವುದೇ ಅಲ್ಲಿ ಒಂದು ಕಸುಬಾಗಿ ಬೆಳೆದಿದೆ. ಹೇಳುವವರಿಗೆ ತರಬೇತಿ ಕೊಡುವುದು ಅದರೊಳಗಿನ ಇನ್ನೊಂದು ಕಸುಬು. ಶಿಶುಪಾಲನೆಗೆ ಸರ್ಕಾರ ಸುರಿಯುವ ಹಣ ಮಗುವಿನವರೆಗೆ ತಲುಪುತ್ತದೆಯೋ ಇಲ್ಲವೋ ಎಂಬುದು ಈ ಎರಡನೆಯ ಕಸುಬನ್ನು ಬಹುಮಟ್ಟಿಗೆ ಅವಲಂಬಿಸಿದೆ ಎಂಬುದು ಈ ಲೇಖನದ ವಾದ.

ಮೊದಲು ನೆರವಿನ ಬಗೆಗಳನ್ನು ನೋಡೋಣ. ಮೂರು ಮತ್ತು ನಾಲ್ಕು ವರ್ಷದ ಎಲ್ಲ ಮಕ್ಕಳಿಗೂ, ಮನೆಯ ಆದಾಯ ಎಷ್ಟೇ ಇರಲಿ, ವಾರಕ್ಕೆ 15 ಗಂಟೆಯಂತೆ ವರ್ಷದಲ್ಲಿ 38 ವಾರ ಸಿಗುತ್ತದೆ. ದುಡಿಯುವ ತಂದೆತಾಯಿಯ ಮಕ್ಕಳಿಗೆ 2025ರ ಸೆಪ್ಟೆಂಬರಿನಿಂದ, ಒಂಬತ್ತು ತಿಂಗಳ ವಯಸ್ಸಿನಿಂದಲೇ 30 ಗಂಟೆ. ಅದಕ್ಕೆ ಇಬ್ಬರೂ ವಾರಕ್ಕೆ ಕನಿಷ್ಠ ವೇತನದ 16 ಗಂಟೆಯಷ್ಟಾದರೂ ಸಂಪಾದಿಸಬೇಕು. 2025ರ ಏಪ್ರಿಲ್ ದರದಲ್ಲಿ ಅದು 195 ಪೌಂಡ್. ಇಬ್ಬರಲ್ಲಿ ಯಾರೊಬ್ಬರ ವಾರ್ಷಿಕ ಆದಾಯವೂ ಒಂದು ಲಕ್ಷ ಪೌಂಡ್ ದಾಟಬಾರದು. ಬಡ ಕುಟುಂಬಗಳ ಎರಡು ವರ್ಷದ ಮಕ್ಕಳಿಗೆ ಬೇರೆಯೇ ಒಂದು 15 ಗಂಟೆಯ ಯೋಜನೆಯಿದೆ. ಯೂನಿವರ್ಸಲ್ ಕ್ರೆಡಿಟ್ ಎಂಬ ಸಹಾಯಧನ ಪಡೆಯುವವರಾದರೆ ದುಡಿಮೆಯ ಆದಾಯ ತೆರಿಗೆ ಕಳೆದು ವರ್ಷಕ್ಕೆ 15,400 ಪೌಂಡಿನೊಳಗಿರಬೇಕು. ಇದಲ್ಲದೆ ಟ್ಯಾಕ್ಸ್-ಫ್ರೀ ಚೈಲ್ಡ್‌ಕೇರ್ ಎಂಬ ಖಾತೆಯಿದೆ. ಅದಕ್ಕೆ ಪೋಷಕರು 8 ಪೌಂಡ್ ಹಾಕಿದರೆ ಸರ್ಕಾರ 2 ಪೌಂಡ್ ಸೇರಿಸುತ್ತದೆ, ಮಗುವೊಂದಕ್ಕೆ ವರ್ಷಕ್ಕೆ 2,000 ಪೌಂಡಿನವರೆಗೆ. ಯೂನಿವರ್ಸಲ್ ಕ್ರೆಡಿಟ್‌ನವರಿಗೆ ಶುಲ್ಕದ ಶೇ 85ರಷ್ಟನ್ನು, ಒಂದು ಮಿತಿಯೊಳಗೆ, ಹಿಂದಿರುಗಿಸುವ ಏರ್ಪಾಡೂ ಇದೆ. ಒಂದು ನೆರವು ತೆರಿಗೆ ಇಲಾಖೆಯದು, ಇನ್ನೊಂದು ಸಹಾಯಧನದ ಇಲಾಖೆಯದು, ಮತ್ತೊಂದು ಸ್ಥಳೀಯ ಕೌನ್ಸಿಲಿನದು. ನೀತಿ ಶಿಕ್ಷಣ ಇಲಾಖೆಯದು. ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳ ನಿಯಮಗಳೇ ಬೇರೆ, ಅವನ್ನು ಇಲ್ಲಿ ಬಿಟ್ಟುಬಿಡುತ್ತೇನೆ.

ಪಟ್ಟಿ ಇಷ್ಟೇ ಆಗಿದ್ದರೆ ಒಂದು ಕರಪತ್ರ ಸಾಕಾಗುತ್ತಿತ್ತು. ಕಷ್ಟವಿರುವುದು ಒಂದು ನೆರವು ಇನ್ನೊಂದನ್ನು ತಾಗುವ ಕಡೆ. ಟ್ಯಾಕ್ಸ್-ಫ್ರೀ ಖಾತೆ ಮತ್ತು 30 ಗಂಟೆ ಒಟ್ಟಿಗೆ ನಡೆಯುತ್ತವೆ. ಯೂನಿವರ್ಸಲ್ ಕ್ರೆಡಿಟ್ ಮತ್ತು 30 ಗಂಟೆಯೂ ಒಟ್ಟಿಗೆ ನಡೆಯುತ್ತವೆ. ಆದರೆ ಟ್ಯಾಕ್ಸ್-ಫ್ರೀ ಖಾತೆ ಮತ್ತು ಯೂನಿವರ್ಸಲ್ ಕ್ರೆಡಿಟ್ ಒಟ್ಟಿಗೆ ನಡೆಯುವುದಿಲ್ಲ. ಕೆಲಸ ಕೊಟ್ಟವರ ಮೂಲಕ ಬರುತ್ತಿದ್ದ ಹಳೆಯ ಚೈಲ್ಡ್‌ಕೇರ್ ವೋಚರ್ ಯೋಜನೆ 2018ರ ಅಕ್ಟೋಬರಿನಲ್ಲಿ ಹೊಸಬರಿಗೆ ಬಾಗಿಲು ಮುಚ್ಚಿತು. ಅದರಲ್ಲಿ ಉಳಿದುಕೊಂಡವರು ಹೊಸ ಖಾತೆಗೆ ಹಾರಿದರೆ ಮತ್ತೆ ಒಳಗೆ ಬರುವಂತಿಲ್ಲ. ಎರಡು ವರ್ಷದ ಮಗುವಿನ ತಾಯಿಯೊಬ್ಬಳು ಕಡಿಮೆ ಸಂಬಳದಲ್ಲಿ ದುಡಿಯುತ್ತಿದ್ದರೆ ಬಡವರ 15 ಗಂಟೆಗೂ ದುಡಿಯುವವರ 30 ಗಂಟೆಗೂ ಅವಳು ಅರ್ಹಳಾಗಬಹುದು. ಮೊದಲನೆಯದು ಒಮ್ಮೆ ಸಿಕ್ಕರೆ ಮನೆಯ ಪರಿಸ್ಥಿತಿ ಬದಲಾದರೂ ಮಗುವಿನ ಕೈತಪ್ಪುವುದಿಲ್ಲ. ಎರಡನೆಯದಕ್ಕೆ ಮೂರು ತಿಂಗಳಿಗೊಮ್ಮೆ ಅರ್ಹತೆಯನ್ನು ಮರುದೃಢೀಕರಿಸಬೇಕು, ಮರೆತರೆ ನರ್ಸರಿಗೆ ತೋರಿಸುವ ಅರ್ಹತೆಯ ಕೋಡ್ ರದ್ದು. ಹೀಗಿರುವಾಗ ಯಾವುದನ್ನು ಮೊದಲು ಹಿಡಿದುಕೊಳ್ಳಬೇಕು ಎಂಬುದು ಅವಳಿಗೆ ಮುಖ್ಯವಾದ ಪ್ರಶ್ನೆ. ಎರಡು ಯೋಜನೆಗಳ ಹೆಸರನ್ನಷ್ಟೇ ಕಂಠಪಾಠ ಮಾಡಿದ ಸಿಬ್ಬಂದಿಗೆ ಈ ಪ್ರಶ್ನೆ ಇದೆ ಎಂಬುದೇ ಹೊಳೆಯುವುದಿಲ್ಲ.

ಮಾಹಿತಿ ಕೊಡುವ ಹೊಣೆ ಇಂಗ್ಲೆಂಡಿನಲ್ಲಿ ಯಾರದೋ ಔದಾರ್ಯಕ್ಕೆ ಬಿಟ್ಟ ವಿಷಯವಲ್ಲ, ಕಾನೂನು ಹೊರಿಸಿದ ಕೆಲಸ. 2006ರ ಚೈಲ್ಡ್‌ಕೇರ್ ಕಾಯ್ದೆಯ 12ನೇ ಕಲಮು ಪ್ರತಿಯೊಂದು ಸ್ಥಳೀಯ ಆಡಳಿತವೂ ಪೋಷಕರಿಗೆ ಮಾಹಿತಿ, ಸಲಹೆ ಮತ್ತು ನೆರವು ನೀಡಬೇಕೆನ್ನುತ್ತದೆ. ಇದನ್ನು ನಿಭಾಯಿಸಲು ಹುಟ್ಟಿದ್ದು ಫ್ಯಾಮಿಲಿ ಇನ್ಫರ್ಮೇಶನ್ ಸರ್ವಿಸ್. ಎಷ್ಟೋ ಕೌನ್ಸಿಲುಗಳಲ್ಲಿ ಅದು ಒಂದು ಫೋನ್ ನಂಬರು, ಒಂದು ಜಾಲತಾಣ, ಕೆಲವೇ ಮಂದಿ ಸಿಬ್ಬಂದಿ, ಅಷ್ಟೆ. ಅಷ್ಟು ಜನ ಒಂದು ಇಡೀ ಜಿಲ್ಲೆಯ ತಾಯಂದಿರನ್ನು ಮುಟ್ಟಲಾರರು. ಅದಕ್ಕಾಗಿ ತರಬೇತಿಯ ದಿಕ್ಕು ಹೊರಮುಖವಾಯಿತು: ಹೆಲ್ತ್ ವಿಸಿಟರ್ ಎಂಬ ಮನೆಗೆ ಬರುವ ದಾದಿ, ಜಾಬ್ ಸೆಂಟರಿನ ವರ್ಕ್ ಕೋಚ್, ನರ್ಸರಿಯ ಮ್ಯಾನೇಜರ್, ಫ್ಯಾಮಿಲಿ ಹಬ್ ಎಂಬ ಕುಟುಂಬ ನೆರವು ಕೇಂದ್ರದ ಕಾರ್ಯಕರ್ತೆ, ಗ್ರಂಥಾಲಯದವರು, ಹೀಗೆ ಕುಟುಂಬಗಳನ್ನು ಬೇರೆ ಕಾರಣಕ್ಕೆ ಹೇಗೂ ಭೇಟಿಯಾಗುವವರಿಗೆ ಕಲಿಸಿಕೊಡುವುದು. ನನಗೆ ಇದು ಸರಿಯಾದ ದಿಕ್ಕೆಂದೇ ತೋರುತ್ತದೆ. ತಮಗೆ ಸವಲತ್ತು ಇದೆಯೆಂದೇ ಗೊತ್ತಿಲ್ಲದವರು ಅದರ ಬಗ್ಗೆ ವಿಚಾರಿಸಲು ಯಾವ ಕಚೇರಿಗೂ ಫೋನ್ ಮಾಡುವುದಿಲ್ಲ.

ಇದಕ್ಕೆ ಅಂಕಿಅಂಶದ ಆಧಾರವಿದೆಯೇ? ಒಂದು ಮಟ್ಟಿಗೆ ಇದೆ. ಆದಾಯ ಕೇಳದ, ಎಲ್ಲರಿಗೂ ಸಿಗುವ ಮೂರು-ನಾಲ್ಕು ವರ್ಷದವರ 15 ಗಂಟೆಯನ್ನು ನೂರಕ್ಕೆ 90ಕ್ಕಿಂತ ಹೆಚ್ಚು ಮಕ್ಕಳು ಬಳಸುತ್ತಾರೆ. ಬಡ ಕುಟುಂಬಗಳ ಎರಡು ವರ್ಷದವರಿಗೆ ಮೀಸಲಾದ ಯೋಜನೆಯಲ್ಲಿ, 2023ರಲ್ಲಿ ಅರ್ಹರ ಪೈಕಿ ನೂರಕ್ಕೆ ಸುಮಾರು 74 ಮಂದಿ ಮಾತ್ರ ದಾಖಲಾಗಿದ್ದರು. ಕೋವಿಡ್ ಕಾಲದ 2021ರಲ್ಲಿ ಆ ಸಂಖ್ಯೆ 62ಕ್ಕೆ ಇಳಿದಿತ್ತು. ಯಾರಿಗೆ ಹೆಚ್ಚು ಬೇಕಿತ್ತೋ ಅವರೇ ಹೊರಗೆ ಉಳಿದಿದ್ದಾರೆ. ಈ ಅಂತರವೆಲ್ಲ ಮಾಹಿತಿಯ ಕೊರತೆಯಿಂದಲೇ ಆದದ್ದು ಎನ್ನುವುದು ಅತಿಯಾದೀತು. ಎರಡು ವರ್ಷದ ಕೂಸನ್ನು ಮನೆಯಲ್ಲೇ ಇಟ್ಟುಕೊಳ್ಳಬಯಸುವ ತಾಯಂದಿರಿದ್ದಾರೆ, ಅಜ್ಜಿಯ ಮಡಿಲೇ ಸಾಕೆನ್ನುವ ಮನೆಗಳಿವೆ. ಆದರೂ ಅರ್ಹ ಕುಟುಂಬಗಳ ಪಟ್ಟಿಯನ್ನು ಸಹಾಯಧನದ ದಾಖಲೆಗಳಿಂದಲೇ ತೆಗೆದು ಕೇಂದ್ರ ಸರ್ಕಾರ ಕೌನ್ಸಿಲುಗಳಿಗೆ ಕಳಿಸುತ್ತದೆ ಎಂಬುದನ್ನು ನೆನೆದರೆ, ಹೆಸರು ವಿಳಾಸ ಗೊತ್ತಿದ್ದೂ ಇಷ್ಟು ಮಂದಿ ಬಿಟ್ಟುಹೋಗುವುದು ಪತ್ರ ಹಾಕಿದ ಮಾತ್ರಕ್ಕೆ ಕೆಲಸ ಮುಗಿಯದು ಎಂಬುದಕ್ಕೆ ಸಾಕ್ಷಿ. ಪಮೆಲಾ ಹರ್ಡ್ ಮತ್ತು ಡೊನಾಲ್ಡ್ ಮೊಯ್ನಿಹಾನ್ ಎಂಬ ಅಮೆರಿಕದ ವಿದ್ವಾಂಸರು ಸರ್ಕಾರಿ ಸವಲತ್ತಿಗೆ ಪ್ರಜೆ ತೆರುವ ಬೆಲೆಯನ್ನು ಮೂರಾಗಿ ವಿಂಗಡಿಸಿದ್ದಾರೆ: ತಿಳಿದುಕೊಳ್ಳುವ ಶ್ರಮ, ಕಾಗದಪತ್ರ ಹೊಂದಿಸುವ ಶ್ರಮ, ಕೈಚಾಚಿ ನಿಂತೆನೆಂಬ ಸಂಕೋಚ ಮತ್ತು ಆತಂಕ. ಪತ್ರ ಕಳಿಸಿದರೆ ಮೊದಲನೆಯದು ಸ್ವಲ್ಪ ಇಳಿಯಬಹುದು. ಉಳಿದೆರಡಕ್ಕೆ ಮನುಷ್ಯರೇ ಬೇಕು.

ಒಳ್ಳೆಯ ತರಬೇತಿ ಏನನ್ನು ಕಲಿಸಬೇಕು ಎಂಬುದು ಇದರಿಂದ ಹೊರಡುತ್ತದೆ. ಯೋಜನೆಗಳ ವಿವರಕ್ಕಿಂತ ಮುಖ್ಯವಾದದ್ದು ಪ್ರಶ್ನೆ ಕೇಳುವ ಕ್ರಮ. ಮಗುವಿನ ಹುಟ್ಟಿದ ತಾರೀಖು ಮೊದಲು, ಏಕೆಂದರೆ ಉಳಿದದ್ದೆಲ್ಲ ಜನವರಿ, ಏಪ್ರಿಲ್, ಸೆಪ್ಟೆಂಬರಿನ ಮೂರು ಗಡುವುಗಳಿಗೆ ಗಂಟುಬಿದ್ದಿದೆ. ಈಗ ಯಾವ ಸಹಾಯಧನ ಬರುತ್ತಿದೆ ಎಂಬುದು ಎರಡನೆಯದು. ಸಂಬಳದ ಮಾತು ಆಮೇಲೆ. ಸ್ವಂತ ಉದ್ಯೋಗ ಹೊಸದಾಗಿ ಶುರುಮಾಡಿದವರಿಗೆ ಮೊದಲ 12 ತಿಂಗಳು ಕನಿಷ್ಠ ಸಂಪಾದನೆಯ ಷರತ್ತಿಲ್ಲ. ಕೇಳದಿದ್ದರೆ ಈ ವಿನಾಯಿತಿ ಹೊರಬೀಳುವುದೇ ಇಲ್ಲ. ಇನ್ನೊಂದು ಸಂಗತಿ ಕಾಲದ್ದು. ಹೆಲ್ತ್ ವಿಸಿಟರ್ ನಡೆಸಲೇಬೇಕಾದ ತಪಾಸಣೆಗಳಲ್ಲಿ ಒಂದು ಮಗುವಿಗೆ ಎರಡರಿಂದ ಎರಡೂವರೆ ವರ್ಷವಾದಾಗ ಬರುತ್ತದೆ. ಎರಡು ವರ್ಷದವರ ಯೋಜನೆಯ ಮಾತೆತ್ತಲು ಇದೇ ಸಮಯವೆಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಆ ಹೊತ್ತಿಗೆ ಒಂದು ಅವಧಿ ಆಗಲೇ ಕಳೆದುಹೋಗಿರಬಹುದು. ಒಂದು ವರ್ಷದ ಆಸುಪಾಸಿನ ತಪಾಸಣೆಯಲ್ಲೇ ಮುಂದಿನದನ್ನು ಹೇಳಿಡಬೇಕು. ತರಬೇತಿಯಿಲ್ಲದೆ ಯಾವ ದಾದಿಗೂ ಇದು ತಾನಾಗಿ ತೋಚುವುದಿಲ್ಲ. ಅವಳ ಗಮನ ಮಗುವಿನ ತೂಕದ ಮೇಲೆ, ಮಾತಿನ ಮೇಲೆ ಇರುತ್ತದೆ, ಇರಬೇಕಾದದ್ದೂ ಹಾಗೆಯೇ.

ನರ್ಸರಿಯವರನ್ನು ತರಬೇತಿಗೆ ಕೂರಿಸುವಾಗ ಸ್ವಲ್ಪ ಹುಷಾರಾಗಿರಬೇಕು. ನಮ್ಮ ಅಂಗನವಾಡಿ ಕಾರ್ಯಕರ್ತೆ ಮಗುವನ್ನು ನೋಡಿಕೊಳ್ಳುವವಳೂ ಹೌದು, ಮಾತೃವಂದನಾ ಯೋಜನೆಯ ಅರ್ಜಿ ತುಂಬಿಸುವವಳೂ ಹೌದು. ಬಸುರಿಯರ ಪಟ್ಟಿ ಅವಳ ಕೈಯಲ್ಲೇ ಇರುತ್ತದೆ, ಅರ್ಜಿಯಿಂದ ಅವಳ ಕೇಂದ್ರಕ್ಕೆ ಲಾಭನಷ್ಟವಿಲ್ಲ. ಆದರೆ ಇಂಗ್ಲೆಂಡಿನ ನರ್ಸರಿಗಳಲ್ಲಿ ಬಹುಪಾಲು ಖಾಸಗಿಯವು. ಸರ್ಕಾರ ಗಂಟೆಗೆ ಕೊಡುವ ದರ ತಮ್ಮ ಖರ್ಚಿಗೆ ಸಾಲದೆಂಬ ಅವುಗಳ ದೂರು ಹಳೆಯದು. ಊಟಕ್ಕೆ, ಡೈಪರಿಗೆ ಬೇರೆ ಹಣ ಕೇಳಲು ಅವರಿಗೆ ಅವಕಾಶವಿದೆ, ಆದರೆ ಆ ಹಣ ಕೊಟ್ಟರೆ ಮಾತ್ರ ಉಚಿತ ಗಂಟೆ ಎಂದು ಷರತ್ತು ಹಾಕುವಂತಿಲ್ಲ. ಈ ಸೂಕ್ಷ್ಮವನ್ನು ಪೋಷಕರಿಗೆ ತಿಳಿಸುವ ಕೆಲಸವನ್ನು ಬಿಲ್ಲು ಬರೆಯುವವರ ಕೈಗಷ್ಟೇ ಕೊಟ್ಟರೆ ಸಾಲದು. ಹಾಗೆಂದು ಅವರನ್ನು ಹೊರಗಿಡಲೂ ಆಗದು, ಏಕೆಂದರೆ ಪೋಷಕರು ಮೊದಲು ಕೇಳುವುದು ಅಲ್ಲೇ.

ಇಷ್ಟಕ್ಕೆ ಎದುರಾಗುವ ಬಲವಾದ ಆಕ್ಷೇಪ ಒಂದಿದೆ. ಸರ್ಕಾರವೇ ಸಿಕ್ಕು ಹೆಣೆದು, ಅದನ್ನು ಬಿಡಿಸುವವರಿಗೆ ಮತ್ತೆ ಹಣ ಕೊಡುವುದು ಯಾವ ನ್ಯಾಯ? ನಿಯಮವನ್ನೇ ಸರಳ ಮಾಡಿದರೆ ಮಾರ್ಗದರ್ಶಕರೂ ಬೇಡ, ಅವರ ತರಬೇತಿಯೂ ಬೇಡ. ಇದರಲ್ಲಿ ಅರ್ಧ ನಿಜವಿದೆ ಎಂದು ಒಪ್ಪುತ್ತೇನೆ. ಎಲ್ಲರಿಗೂ ಒಂದೇ ಎಂಬ ಯೋಜನೆಗೆ ಜನ ತಾವಾಗಿ ಬರುತ್ತಾರೆಂದು ಮೇಲಿನ ಅಂಕಿಗಳೇ ಹೇಳುತ್ತವೆ. ಆದರೆ ನಡೆದಿರುವುದು ತದ್ವಿರುದ್ಧ. 2017ರಲ್ಲಿ 30 ಗಂಟೆ ಬಂತು, 2024ರ ಏಪ್ರಿಲಿನಲ್ಲಿ ದುಡಿಯುವವರ ಎರಡು ವರ್ಷದ ಮಕ್ಕಳು ಸೇರಿದರು, ಅದೇ ಸೆಪ್ಟೆಂಬರಿನಲ್ಲಿ ಒಂಬತ್ತು ತಿಂಗಳ ಕೂಸುಗಳು, ಮರುವರ್ಷ ಗಂಟೆಗಳು ದುಪ್ಪಟ್ಟು. ಪ್ರತಿ ವಿಸ್ತರಣೆಯೂ ಹಳೆಯದನ್ನು ಅಳಿಸದೆ ಅದರ ಮೇಲೆ ಹೊಸ ಪದರ ಹಾಕಿತು. ದುಡಿಮೆಗೂ ಆದಾಯಕ್ಕೂ ನೆರವನ್ನು ಕಟ್ಟಿಹಾಕುವ ನೀತಿ ಇರುವವರೆಗೆ ಪರಿಶೀಲನೆ ಇರುತ್ತದೆ, ಪರಿಶೀಲನೆ ಇರುವವರೆಗೆ ಸಿಕ್ಕೂ ಇರುತ್ತದೆ. ಸರಳೀಕರಣಕ್ಕೆ ಒತ್ತಾಯ ಹುಟ್ಟುವುದೂ ಜನರ ಜೊತೆ ಕುಳಿತು ಅರ್ಜಿ ತುಂಬಿದವರಿಂದಲೇ. ಯೂನಿವರ್ಸಲ್ ಕ್ರೆಡಿಟ್‌ನವರು ನರ್ಸರಿ ಶುಲ್ಕವನ್ನು ಮೊದಲು ಕೈಯಿಂದ ಕಟ್ಟಿ ಆಮೇಲೆ ಮರಳಿ ಪಡೆಯಬೇಕಿತ್ತು, ಕೆಲಸಕ್ಕೆ ಸೇರಬೇಕೆಂದಿದ್ದ ಎಷ್ಟೋ ತಾಯಂದಿರಿಗೆ ಅದೇ ಅಡ್ಡಗಾಲಾಗಿತ್ತು. ಈ ನಿಯಮವನ್ನು ಒಂಟಿ ತಾಯಿಯೊಬ್ಬರು ನ್ಯಾಯಾಲಯದಲ್ಲಿ ಪ್ರಶ್ನಿಸಿ, 2021ರಲ್ಲಿ ಗೆದ್ದು, ಮೇಲ್ಮನವಿಯಲ್ಲಿ ಸೋತರು. ಆದರೂ ಕೆಲಸಕ್ಕೆ ಸೇರುವವರ ಮೊದಲ ಶುಲ್ಕವನ್ನು ಮುಂಗಡವಾಗಿ ಕೊಡುವ ವ್ಯವಸ್ಥೆ 2023ರ ಜೂನಿನಲ್ಲಿ ಬಂತು. ಮರಳಿ ಸಿಗುವ ಶುಲ್ಕದ, ವರ್ಷಗಟ್ಟಲೆ ಅಲ್ಲಾಡದಿದ್ದ ಗರಿಷ್ಠ ಮಿತಿ ಒಂದು ಮಗುವಿಗೆ ತಿಂಗಳಿಗೆ 646 ಪೌಂಡಿನಿಂದ 951ಕ್ಕೆ ಏರಿತು. ಇದನ್ನೂ ಯಾರಾದರೂ ಮನೆಮನೆಗೆ ತಲುಪಿಸಬೇಕಾಯಿತು, ಹಳೆಯ ನಿಯಮ ಕೇಳಿ ಹಿಂದೆ ಸರಿದವರು ಹೊಸದನ್ನು ಹುಡುಕಿಕೊಂಡು ಬರುವುದಿಲ್ಲ.

ಜಾಲತಾಣದಲ್ಲಿ ಲೆಕ್ಕ ಹಾಕುವ ಕ್ಯಾಲ್ಕುಲೇಟರ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಉಪಯುಕ್ತವೂ ಹೌದು. ನಾವು ಕೊಟ್ಟ ಅಂಕಿಗೆ ಅದು ಉತ್ತರ ಕೊಡುತ್ತದೆ. ವಾರವಾರ ಬದಲಾಗುವ ಪಾಳಿಯ ಸಂಬಳವನ್ನು ಯಾವ ಅಂಕಿಯಾಗಿ ನಮೂದಿಸಬೇಕೆಂದು ಹೇಳುವುದಿಲ್ಲ.

ಮೂರನೆಯ ಆಕ್ಷೇಪ ಹೆಚ್ಚು ಮುಜುಗರದ್ದು: ಅರ್ಹತೆ ಹೇಳಿಕೊಟ್ಟು, ಕೋಡ್ ಕೊಡಿಸಿ ಕಳಿಸಿದ ಮೇಲೆ ಹತ್ತಿರದ ನರ್ಸರಿಯಲ್ಲಿ ಜಾಗವೇ ಇಲ್ಲದಿದ್ದರೆ? ತರಬೇತಿ ಪಡೆದವರು ಹೊಸ ನರ್ಸರಿ ಕಟ್ಟಲಾರರು. ಬಡ ಬಡಾವಣೆಗಳಲ್ಲಿ ಜಾಗದ ಅಭಾವ ಹೆಚ್ಚು ಎಂಬುದೂ ನಿಜ. ಆದರೆ ಅದೇ 2006ರ ಕಾಯ್ದೆಯ 6ನೇ ಕಲಮಿನಂತೆ ದುಡಿಯುವ ಪೋಷಕರಿಗೆ ಸಾಲುವಷ್ಟು ಶಿಶುಪಾಲನೆ ಇರುವಂತೆ ಸಾಧ್ಯವಾದಷ್ಟು ನೋಡಿಕೊಳ್ಳುವ ಹೊಣೆ ಕೌನ್ಸಿಲಿನದು. ಎಷ್ಟು ಜನ ಕೇಳಿದರು, ಎಷ್ಟು ಜನ ಬರಿಗೈಲಿ ಹೋದರು ಎಂಬ ದಾಖಲೆ ಮಾಹಿತಿ ಸೇವೆಯಲ್ಲೇ ಹುಟ್ಟುತ್ತದೆ. ಕೇಳಲು ಯಾರೂ ಬಾರದ ಊರಿನಲ್ಲಿ ಕೊರತೆಯಿದೆಯೆಂದು ಕಾಗದದ ಮೇಲೆ ಎಲ್ಲಿಯೂ ಮೂಡುವುದಿಲ್ಲ.

ಬ್ರಿಟನ್ನಿನ ಕನ್ನಡಿಗರಿಗೆ ಸಂಬಂಧಪಟ್ಟ ಮಾತೊಂದು ಇಲ್ಲೇ ಬರುತ್ತದೆ. ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಹೋದ ಎಂಜಿನಿಯರು, ನರ್ಸುಗಳ ವಾಸದ ಅನುಮತಿಗೆ ಸಾರ್ವಜನಿಕ ನಿಧಿ ಪಡೆಯುವಂತಿಲ್ಲ ಎಂಬ ಷರತ್ತು ಅಂಟಿಕೊಂಡಿರುತ್ತದೆ. ಇದನ್ನು ಓದಿದವರು ಎಲ್ಲ ನೆರವಿನಿಂದಲೂ ದೂರ ಉಳಿಯುವುದು ಸಹಜ. ಆದರೆ ಮೂರು-ನಾಲ್ಕು ವರ್ಷದವರ 15 ಗಂಟೆಗೆ ವೀಸಾದ ಪರೀಕ್ಷೆಯೇ ಇಲ್ಲ. ಕಡಿಮೆ ಆದಾಯದ ಇಂಥ ಕುಟುಂಬಗಳ ಎರಡು ವರ್ಷದ ಮಕ್ಕಳಿಗೂ ನಿಗದಿತ ಮಿತಿಯೊಳಗೆ ಅವಕಾಶವಿದೆ. ದುಡಿಯುವವರ 30 ಗಂಟೆಗೆ ಮಾತ್ರ ಗಂಡಹೆಂಡಿರಲ್ಲಿ ಒಬ್ಬರಿಗಾದರೂ ಆ ಷರತ್ತಿಲ್ಲದ ವಾಸದ ಹಕ್ಕು ಇರಬೇಕು. ಕೋರಂ ನಡೆಸುವ ಪೇರೆಂಟ್ ಚಾಂಪಿಯನ್ಸ್ ಎಂಬ ಏರ್ಪಾಡಿನಲ್ಲಿ ಸಾಮಾನ್ಯ ತಂದೆತಾಯಿಯರೇ ತರಬೇತಿ ಪಡೆದು ತಮ್ಮ ಸುತ್ತಿನವರಿಗೆ ಇಂಥದ್ದನ್ನು ತಿಳಿಸುತ್ತಾರೆ. ತಮ್ಮ ಭಾಷೆಯವರ ನಡುವೆ ಅವರ ಮಾತಿಗೆ ಇಲಾಖೆಯ ಪತ್ರಕ್ಕಿಲ್ಲದ ಬೆಲೆಯಿರುತ್ತದೆ. ಅವರ ಮಾತಿಗೂ ಒಂದು ಗಡಿ ಬೇಕು. 15 ಗಂಟೆಗೆ ವೀಸಾ ಕೇಳುವುದಿಲ್ಲ ಎಂದು ಯಾರು ಬೇಕಾದರೂ ತಿಳಿಸಬಹುದು. ನಿನ್ನ ವೀಸಾದ ಮೇಲೆ 30 ಗಂಟೆಯ ಅರ್ಜಿ ಹಾಕು, ಏನೂ ಆಗುವುದಿಲ್ಲ ಎಂದು ಒಬ್ಬರ ಪ್ರಕರಣ ನೋಡಿ ಹೇಳುವುದು ವಲಸೆ ಸಲಹೆಯಾಗುತ್ತದೆ. ಬ್ರಿಟನ್ನಿನ 1999ರ ಕಾನೂನಿನಂತೆ ಅದನ್ನು ಅರ್ಹತೆ ಮತ್ತು ನೋಂದಣಿ ಇದ್ದವರೇ ಕೊಡಬೇಕು, ಇಲ್ಲದಿದ್ದರೆ ಅಪರಾಧ. ಅಂಥ ಪ್ರಶ್ನೆ ಬಂದಾಗ ಉತ್ತರ ಗೊತ್ತಿದ್ದರೂ ನೋಂದಾಯಿತ ಸಲಹೆಗಾರರ ಕಡೆಗೆ ಕಳಿಸಬೇಕೆಂಬುದು ತರಬೇತಿಯ ಭಾಗವಾಗಲೇಬೇಕು.