ಕೂದಲು ಉದುರುತ್ತಿದೆಯೇ? ಎಣ್ಣೆಗಿಂತ ಮೊದಲು ಕಾರಣವನ್ನು ಹುಡುಕೋಣ

ಬೆಳಗಿನ ಸ್ನಾನ, ಪೂಜೆ ಮುಗಿಸಿ ತಲೆ ಬಾಚಿಕೊಳ್ಳುವಾಗ ಬಾಚಣಿಗೆಯಲ್ಲಿ ಉಳಿದ ಕೂದಲನ್ನು ಬೆರಳಿಗೆ ಸುತ್ತಿಕೊಂಡು ನಿಟ್ಟುಸಿರು ಬಿಡುವುದು ನಮ್ಮ ಎಷ್ಟೋ ಮನೆಗಳಲ್ಲಿ ನಿತ್ಯದ ಮಾತಾಗಿದೆ. ಆ ನಿಟ್ಟುಸಿರಿನ ಬೆನ್ನಲ್ಲೇ ನಾವು ಹುಡುಕುವುದು ಹೊಸದೊಂದು ಎಣ್ಣೆಯನ್ನು. ನೆರೆಯವರು ಹೇಳಿದ್ದು ಒಂದು, ಜಾತ್ರೆಯಲ್ಲಿ ಕೊಂಡದ್ದು ಇನ್ನೊಂದು, ಜಾಹೀರಾತಿನಲ್ಲಿ ಕಂಡದ್ದು ಮತ್ತೊಂದು. ಹೀಗೆ ಸೀಸೆಗಳು ಬದಲಾಗುತ್ತವೆ, ಹಣ ಹೋಗುತ್ತದೆ, ಹಣಕ್ಕಿಂತ ಬೆಲೆಯುಳ್ಳ ಕಾಲವೂ ಕಳೆದುಹೋಗುತ್ತದೆ.

ಕೂದಲು ಉದುರುವುದು ಒಂದೇ ಬಗೆಯ ತೊಂದರೆಯಲ್ಲ. ಕೆಲವು ಬಗೆಯ ಉದುರುವಿಕೆ ತಾನಾಗಿಯೇ ನಿಲ್ಲುತ್ತದೆ. ಕೆಲವಕ್ಕೆ ಬೇಗನೆ ಚಿಕಿತ್ಸೆ ದೊರೆಯಬೇಕು. ಇನ್ನು ಕೆಲವು ದೇಹದೊಳಗಿನ ಬೇರೊಂದು ಕೊರತೆಯ ಮುನ್ಸೂಚನೆ. ಯಾವುದು ಯಾವುದೆಂದು ತಿಳಿಯದೆ ಮಾಡುವ ಉಪಚಾರ, ರೋಗಿಯನ್ನು ನೋಡದೆ ಔಷಧ ಕೊಟ್ಟಂತೆ.

ಕೂದಲಿನ ಬಾಳು

ನಮ್ಮ ತಲೆಯಲ್ಲಿ ಸುಮಾರು 1 ಲಕ್ಷ ಕೂದಲುಗಳಿವೆ. ಪ್ರತಿಯೊಂದು ಕೂದಲೂ ಚರ್ಮದೊಳಗಿನ ಪುಟ್ಟ ಚೀಲವೊಂದರಿಂದ, ಅಂದರೆ ರೋಮಕೂಪದಿಂದ, ಹುಟ್ಟುತ್ತದೆ. ಅದು 2ರಿಂದ 6 ವರ್ಷ, ತಿಂಗಳಿಗೆ ಸುಮಾರು 1 ಸೆಂಟಿಮೀಟರಿನಂತೆ ಬೆಳೆಯುತ್ತದೆ. ಅನಂತರ ಎರಡು ಮೂರು ವಾರಗಳಲ್ಲಿ ಬೆಳವಣಿಗೆ ನಿಂತು, ಸುಮಾರು 3 ತಿಂಗಳು ವಿಶ್ರಮಿಸಿ ಉದುರುತ್ತದೆ. ಅದೇ ಕೂಪದಿಂದ ಹೊಸ ಕೂದಲು ಮೇಲೇಳುತ್ತದೆ. ಆದುದರಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೇ ಆಗಿದೆ. ತಲೆಸ್ನಾನದ ದಿನ ಇನ್ನೂ ಹೆಚ್ಚು ಕಾಣಬಹುದು. ಉದುರಿದ ಕೂದಲನ್ನು ಎಣಿಸುತ್ತ ಕೂರುವುದಕ್ಕಿಂತ ಬೈತಲೆ ಅಗಲವಾಗುತ್ತಿದೆಯೇ, ಜಡೆ ಸಣ್ಣದಾಗುತ್ತಿದೆಯೇ, ನೆತ್ತಿಯ ಚರ್ಮ ಕಾಣುತ್ತಿದೆಯೇ ಎಂದು ನೋಡುವುದು ಲೇಸು.

ಮೂರು ತಿಂಗಳ ಹಿಂದೆ ಏನಾಗಿತ್ತು?

ಕೂದಲು ಒಮ್ಮೆಲೇ, ತಲೆಯ ಎಲ್ಲ ಕಡೆಯಿಂದಲೂ ಹಿಡಿಹಿಡಿಯಾಗಿ ಬರತೊಡಗಿದರೆ ನಾವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಇದು. ಟೈಫಾಯ್ಡ್, ಡೆಂಗೀಯಂತಹ ತೀವ್ರ ಜ್ವರ, ದೊಡ್ಡ ಶಸ್ತ್ರಚಿಕಿತ್ಸೆ, ಹೆರಿಗೆ, ತೂಕ ಇಳಿಸಲೆಂದು ಊಟವನ್ನು ಅತಿಯಾಗಿ ಕಡಿಮೆ ಮಾಡಿದ್ದು, ಮನೆಯಲ್ಲಿ ಸಂಭವಿಸಿದ ಸಾವಿನ ಆಘಾತ – ಇವುಗಳಿಂದ ದೇಹವು ಬಹಳಷ್ಟು ಕೂದಲನ್ನು ಒಮ್ಮೆಗೇ ವಿಶ್ರಾಂತಿಯ ಹಂತಕ್ಕೆ ತಳ್ಳುತ್ತದೆ. ಆ ಕೂದಲು ಉದುರುವುದು ಎರಡು ಮೂರು ತಿಂಗಳ ಬಳಿಕ. ಅಷ್ಟರಲ್ಲಿ ನಾವು ಆ ಜ್ವರವನ್ನೇ ಮರೆತಿರುತ್ತೇವೆ.

ಇಲ್ಲಿ ರೋಮಕೂಪಕ್ಕೆ ಹಾನಿಯಾಗಿರುವುದಿಲ್ಲ. ಕಾರಣ ದೂರವಾದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವುದು ತಗ್ಗಿ, ಹೊಸ ಕೂದಲು ಬರುತ್ತದೆ. ತಲೆ ಮೊದಲಿನಂತೆ ತುಂಬಲು ವರ್ಷವಾದರೂ ಹಿಡಿಯಬಹುದು. ಮಗುವಿಗೆ ಮೂರು ನಾಲ್ಕು ತಿಂಗಳಾದಾಗ ಬಾಣಂತಿಯ ಕೂದಲು ಉದುರುವುದೂ ಹೀಗೆಯೇ. ಅದಕ್ಕೆ ಹೆದರಿ ಹಾಲೂಡಿಸುವುದನ್ನು ನಿಲ್ಲಿಸುವ ಅಗತ್ಯವಿಲ್ಲ. ಇಂತಹ ಸಮಯದಲ್ಲಿ ಹಚ್ಚಿದ ಯಾವ ಎಣ್ಣೆಯೂ ‘ಗುಣ’ ತೋರಿದಂತೆ ಕಾಣುತ್ತದೆ. ಕೀರ್ತಿ ಎಣ್ಣೆಗೆ ಹೋಗುತ್ತದೆ, ಕೆಲಸ ಮಾಡಿದ್ದು ಕಾಲ ಮತ್ತು ಊಟ.

ವಂಶದಿಂದ ಬರುವುದು

ಪುರುಷರಲ್ಲಿ ಹಣೆಯ ಎರಡೂ ಬದಿಯಿಂದ ಕೂದಲು ಹಿಂದೆ ಸರಿಯುತ್ತ, ನೆತ್ತಿ ತೆರವಾಗುವ ಬಗೆ ನಮಗೆಲ್ಲ ಪರಿಚಿತ. ಸ್ತ್ರೀಯರಲ್ಲಿ ಹಣೆಯಂಚು ಉಳಿದು, ಬೈತಲೆಯ ಸುತ್ತ ಕೂದಲು ತೆಳುವಾಗುತ್ತದೆ. ಪುರುಷರಲ್ಲಿ ಇದು ಹಾರ್ಮೋನಿಗೆ ರೋಮಕೂಪಗಳು ತೋರುವ ಪ್ರತಿಕ್ರಿಯೆಯಿಂದ ಆಗುತ್ತದೆ. ಕೂಪಗಳು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ, ಕೂದಲು ಸಣ್ಣದಾಗುತ್ತ ಹೋಗುತ್ತದೆ. ಈ ಗುಣ ತಾಯಿಯ ಕಡೆಯಿಂದ ಮಾತ್ರ ಬರುತ್ತದೆ ಎಂಬ ಮಾತು ಸರಿಯಲ್ಲ. ತಂದೆಯ ಕಡೆಯಿಂದಲೂ ಬರುತ್ತದೆ.

ಇದು ತಾನಾಗಿ ನಿಲ್ಲುವುದಲ್ಲ. ಚಿಕಿತ್ಸೆ ಬಯಸುವವರು ಬೇಗ ಆರಂಭಿಸಬೇಕು, ಏಕೆಂದರೆ ಔಷಧಗಳು ಇರುವ ಕೂದಲನ್ನು ಉಳಿಸುವಷ್ಟು ಸುಲಭವಾಗಿ ಹೋದುದನ್ನು ತರಲಾರವು. ಸ್ತ್ರೀಯರಲ್ಲಿ ಇದರೊಂದಿಗೆ ಮುಟ್ಟಿನ ಏರುಪೇರು, ಮುಖದಲ್ಲಿ ದಪ್ಪ ಕೂದಲು ಕಂಡರೆ ಸ್ತ್ರೀರೋಗ ತಜ್ಞರನ್ನೂ ಕಾಣುವುದು ಒಳ್ಳೆಯದು.

ತಡಮಾಡಬಾರದ ಸಂದರ್ಭಗಳು

ನಾಣ್ಯದಷ್ಟು ಜಾಗದಲ್ಲಿ ಕೂದಲು ಪೂರ್ತಿ ಹೋಗಿ ಚರ್ಮ ನುಣ್ಣಗಾದರೆ ‘ಹುಳು ತಿಂದಿದೆ’ ಎಂದು ಕೆಲವರು ಹೇಳುವುದುಂಟು. ಹುಳುವಿಗೂ ಇದಕ್ಕೂ ಸಂಬಂಧವಿಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಕೂದಲಿನ ಬುಡದ ಮೇಲೆ ಎರಗುವುದರಿಂದ ಆಗುವುದಿದು. ಅಂಟುರೋಗವಲ್ಲ. ಅನೇಕರಲ್ಲಿ ಕೂದಲು ಮರಳಿ ಬರುತ್ತದೆ. ಅದರ ಮೇಲೆ ಬೆಳ್ಳುಳ್ಳಿ, ಈರುಳ್ಳಿ ಉಜ್ಜಿ ಚರ್ಮ ಸುಟ್ಟುಕೊಳ್ಳುವುದು ತರವಲ್ಲ.

ತಲೆಯಲ್ಲಿ ಉರಿ, ನೋವು, ಕೆಂಪು, ಕೀವುಗುಳ್ಳೆ ಕಂಡು, ಆ ಜಾಗ ಹೊಳೆಯುವ ಕಲೆಯಾಗುತ್ತಿದ್ದರೆ ಒಂದು ವಾರವೂ ಕಾಯದೆ ಚರ್ಮರೋಗ ತಜ್ಞರನ್ನು ಕಾಣಬೇಕು. ಕಲೆ ಬಿದ್ದ ಕೂಪದಿಂದ ಕೂದಲು ಮತ್ತೆ ಹುಟ್ಟದು. ಬಹುಕಾಲ ಬಿಗಿಯಾದ ಜಡೆ ಹಾಕುವವರಲ್ಲಿ ಹಣೆಯಂಚಿನ ಕೂದಲು ಹೋಗುವುದೂ ಉಂಟು. ಆರಂಭದಲ್ಲೇ ಸಡಿಲಿಸಿದರೆ ಅದು ಮರಳುತ್ತದೆ. ಪೂಜೆಯ ಅವಸರದಲ್ಲಿ ಒದ್ದೆ ಕೂದಲನ್ನೇ ಬಿಗಿದು ತುರುಬು ಕಟ್ಟುವ ತಾಯಂದಿರು ಇದನ್ನು ಗಮನಿಸಬೇಕು.

ರಕ್ತ ಪರೀಕ್ಷೆ ಮತ್ತು ಊಟ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆಯಿದೆ. ಎಲ್ಲರಿಗೂ ಬಡಿಸಿ, ಉಳಿದುದನ್ನು ಉಣ್ಣುವ ಗೃಹಿಣಿ ‘ಕೂದಲು ಉದುರುತ್ತಿದೆ, ಸುಸ್ತಾಗುತ್ತಿದೆ’ ಎಂದರೆ ಆಕೆಗೆ ಬೇಕಾದುದು ಎಣ್ಣೆಯ ಸೀಸೆಯಲ್ಲ, ರಕ್ತಪರೀಕ್ಷೆ. ಹಿಮೋಗ್ಲೋಬಿನ್, ಕಬ್ಬಿಣದ ಸಂಗ್ರಹವನ್ನು ತೋರಿಸುವ ಫೆರಿಟಿನ್, ಥೈರಾಯ್ಡ್ ಇವುಗಳ ಪರೀಕ್ಷೆಯನ್ನು ವೈದ್ಯರು ಅಗತ್ಯವರಿತು ಸೂಚಿಸುತ್ತಾರೆ. ಸ್ತ್ರೀಯರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ, ಪುರುಷರಲ್ಲಿ 13ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಪುರುಷರಲ್ಲಿ, ಮುಟ್ಟು ನಿಂತ ಸ್ತ್ರೀಯರಲ್ಲಿ ರಕ್ತಹೀನತೆ ಕಂಡರೆ ಹೊಟ್ಟೆ ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದೂ ನೋಡಿಸಬೇಕಾಗುತ್ತದೆ.

ಕೂದಲು ಬಹುಪಾಲು ಪ್ರೋಟೀನಿನಿಂದಲೇ ಆದದ್ದು. ಸಸ್ಯಾಹಾರಿಗಳಾದ ನಮಗೆ ಬೇಳೆಕಾಳು, ಹಾಲು, ಮೊಸರು ಇದರ ಮೂಲಗಳು. ರೊಟ್ಟಿಯ ಜೊತೆಗೆ ಬರಿಯ ಚಟ್ನಿ ಸಾಲದು. ಮಡಿಕೆಕಾಳು, ಹೆಸರುಕಾಳು ಅಥವಾ ಹುರುಳಿಯ ಪಲ್ಯವಿರಲಿ. ಸೊಪ್ಪು, ಶೇಂಗಾ, ಎಳ್ಳು ಇರಲಿ. ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಅಥವಾ ನೆಲ್ಲಿಕಾಯಿ ತಿಂದರೆ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದೊಡನೆ ಚಹಾ, ಕಾಫಿ ಕುಡಿದರೆ ಅದು ತಗ್ಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯುವುದು ಒಳ್ಳೆಯದು. ಶಿವರಾತ್ರಿಯ ಒಂದು ದಿನದ ಉಪವಾಸದಿಂದ ಕೂದಲು ಹೋಗದು. ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿರುವುದರಿಂದ ಹೋಗುತ್ತದೆ.

ಕೊರತೆಯಿಲ್ಲದೆ ಮಾತ್ರೆ ನುಂಗುವುದೂ ಬೇಡ. ಎ ಜೀವಸತ್ವ ಮತ್ತು ಸೆಲೆನಿಯಂ ಅತಿಯಾದರೆ ಕೂದಲು ಉದುರುತ್ತದೆ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಮತ್ತು ಹೃದಯದ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿಸಬಲ್ಲದು. ಅದನ್ನು ಸೇವಿಸುತ್ತಿರುವವರು ಪರೀಕ್ಷೆಗೆ ಮುನ್ನ ವೈದ್ಯರಿಗೆ ತಿಳಿಸಬೇಕು.

ಔಷಧಗಳಿಂದ ಏನನ್ನು ನಿರೀಕ್ಷಿಸಬಹುದು?

ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡದ ಔಷಧ. ಅದನ್ನು ಸೇವಿಸಿದವರಲ್ಲಿ ಕೂದಲು ಬೆಳೆಯುವುದನ್ನು ಕಂಡು ಹಚ್ಚುವ ದ್ರಾವಣವನ್ನಾಗಿ ರೂಪಿಸಲಾಯಿತು. ವಂಶವಾಹಿ ಉದುರುವಿಕೆಯಲ್ಲಿ ಇದು ಅನೇಕರಿಗೆ ನೆರವಾಗುತ್ತದೆ. ಮೊದಲ ವಾರಗಳಲ್ಲಿ ಉದುರುವುದು ತುಸು ಹೆಚ್ಚಬಹುದು. ಫಲ ಕಾಣಲು ನಾಲ್ಕರಿಂದ ಆರು ತಿಂಗಳು ಬೇಕು. ನಿಲ್ಲಿಸಿದರೆ ಪಡೆದ ಲಾಭವೂ ಹೋಗುತ್ತದೆ. ಗರ್ಭಿಣಿಯರು ಬಳಸಬಾರದು. ಪುರುಷರಿಗೆ ಕೊಡುವ ಫಿನಾಸ್ಟೆರೈಡ್ ಮಾತ್ರೆಯಿಂದ ಕೆಲವರಲ್ಲಿ ಲೈಂಗಿಕ ತೊಂದರೆಗಳು ತೋರುವುದರಿಂದ ವೈದ್ಯರೊಡನೆ ಮುಕ್ತವಾಗಿ ಮಾತನಾಡಿಯೇ ಆರಂಭಿಸಬೇಕು. ಕೂದಲು ಕಸಿಯನ್ನು ತರಬೇತಿ ಪಡೆದ ನೋಂದಾಯಿತ ವೈದ್ಯರಲ್ಲಿ ಮಾತ್ರ ಮಾಡಿಸಿಕೊಳ್ಳಬೇಕು. ಬೇರೆ ಕಾಯಿಲೆಗೆ ಸೇವಿಸುತ್ತಿರುವ ಔಷಧದಿಂದ ಕೂದಲು ಉದುರುತ್ತಿದೆ ಎಂಬ ಸಂದೇಹ ಬಂದರೂ ಅದನ್ನು ನಾವಾಗಿ ನಿಲ್ಲಿಸಬಾರದು.

ಕೊಬ್ಬರಿ ಎಣ್ಣೆ ಕೂದಲಿನ ಎಳೆಯನ್ನು ಮೃದುವಾಗಿಸಿ ತುಂಡಾಗುವುದನ್ನು ತಗ್ಗಿಸುತ್ತದೆ. ಅಷ್ಟರಮಟ್ಟಿಗೆ ಹಿರಿಯರ ರೂಢಿ ಸರಿ. ಆದರೆ ಎಣ್ಣೆಯಿಂದ ಹೊಸ ಕೂದಲು ಹುಟ್ಟುವುದಿಲ್ಲ. ತಲೆ ಬೋಳಿಸಿದರೆ ದಟ್ಟವಾಗಿ ಬೆಳೆಯುತ್ತದೆ ಎಂಬುದೂ ಭ್ರಮೆ. ಬುಡವಿರುವುದು ಚರ್ಮದ ಕೆಳಗೆ, ಕತ್ತಿ ಅಲ್ಲಿಗೆ ತಲುಪದು. ಬೋಳುತಲೆಯನ್ನು ಗುಣಪಡಿಸುವುದಾಗಿ ಯಾವ ಔಷಧವೂ ಹೇಳಿಕೊಳ್ಳಬಾರದೆಂದು 1945ರ ಔಷಧ ನಿಯಮಗಳ ‘ಜೆ’ ಅನುಸೂಚಿಯೇ ತಿಳಿಸುತ್ತದೆ. ‘ಖಂಡಿತ ಬೆಳೆಯುತ್ತದೆ’ ಎಂಬ ಜಾಹೀರಾತನ್ನು ಕಂಡಾಗ ಇದನ್ನು ನೆನೆಯೋಣ.

ನಮ್ಮ ನಾಲಗೆಯ ಹೊಣೆ

ಕೂದಲು ಹೋದವರನ್ನು ಹೆಚ್ಚು ನೋಯಿಸುವುದು ಕನ್ನಡಿಯಲ್ಲ, ಸುತ್ತಲಿನವರ ಮಾತು. ವಧುವನ್ನು ನೋಡಲು ಹೋಗಿ ಜಡೆಯ ದಪ್ಪವನ್ನು ಅಳೆಯುವುದು, ಯುವಕನನ್ನು ಅಡ್ಡಹೆಸರಿನಿಂದ ಕರೆಯುವುದು, ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವ ತಾಯಿಯ ತಲೆಯನ್ನು ದಿಟ್ಟಿಸುವುದು ಶರಣಮಾರ್ಗದಲ್ಲಿ ನಡೆಯುವವರಿಗೆ ಒಪ್ಪುವ ನಡತೆಯಲ್ಲ. ಕೂದಲು ಹೋಗುವುದೆಂಬ ಅಂಜಿಕೆಯಿಂದ ಕ್ಯಾನ್ಸರಿನ ಔಷಧವನ್ನೇ ಬೇಡವೆನ್ನುವವರಿದ್ದಾರೆ. ಚಿಕಿತ್ಸೆ ಮುಗಿದ ಬಳಿಕ ಬಹುತೇಕರಲ್ಲಿ ಕೂದಲು ಮರಳಿ ಬೆಳೆಯುತ್ತದೆ ಎಂದು ಅವರಿಗೆ ತಿಳಿಹೇಳಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದೂ ಒಂದು ದಾಸೋಹವೇ.

ನಮ್ಮ ಮಠಗಳ ಪರಂಪರೆಯಲ್ಲಿ ಜಟೆ ಬಿಟ್ಟ ಪೂಜ್ಯರೂ ಇದ್ದಾರೆ, ತಲೆ ಬೋಳಿಸಿಕೊಂಡ ವಿರಕ್ತರೂ ಇದ್ದಾರೆ. ನಾವು ಬಾಗಿದ್ದು ಅವರ ನಡೆಗೆ, ನುಡಿಗೆ. ಮನೆಯವರನ್ನೂ ನೆರೆಯವರನ್ನೂ ಅದೇ ಕಣ್ಣಿನಿಂದ ನೋಡೋಣ. ಕೂದಲು ಉದುರುತ್ತಿದ್ದರೆ ನಾಚದೆ ಹೇಳಿಕೊಳ್ಳೋಣ, ಕಾರಣ ತಿಳಿಯೋಣ, ತಕ್ಕ ಉಪಚಾರ ಮಾಡೋಣ.